ಕುಂಡದ ದಾಸವಾಳದ ಪೋಷಣೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರೆಹರೂಪ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ಕನ್ನಡ ಪಂಡಿತರು ಎದ್ದು ನಿಂತರೆ ಪಂಪನ ವಿಷಯವೋ ಕುಮಾರವ್ಯಾಸನ ವಿಷಯವೋ ಬರುವುದೆಂದು ಸಭಿಕರು ನಿರೀಕ್ಷಿಸುವುದು ಸಹಜ. ಆದರೆ ಈ ಸಲ ವಿಷಯದ ಆಯ್ಕೆಯನ್ನು ಸಂಘದವರು ನಮಗೇ ಬಿಟ್ಟುಕೊಟ್ಟರು. ನಾವು ದಾಸವಾಳದ ಗಿಡಕ್ಕೆ, ಅದರಲ್ಲಿಯೂ ಕುಂಡದಲ್ಲಿ ಬೆಳೆಯುವ ದಾಸವಾಳಕ್ಕೆ, ಗೊಬ್ಬರ ಹಾಕುವ ಕ್ರಮವನ್ನು ಆರಿಸಿಕೊಂಡೆವು. ಇದಕ್ಕೆ ಎರಡು ಕಾರಣಗಳುಂಟು.

ಹಿಂದೆ ನಮ್ಮ ಕಾಸರಗೋಡಿನ ಕನ್ನಡ ಮನೆಗಳಿಗೆ ಹಿತ್ತಿಲಿತ್ತು, ಹಿತ್ತಿಲಿಗೆ ಬೇಲಿಯಿತ್ತು, ಬೇಲಿಯಲ್ಲಿ ಕೆಂಪು ದಾಸವಾಳ ತಾನಾಗಿಯೇ ಎತ್ತರಕ್ಕೆ ಬೆಳೆದಿತ್ತು. ದೇವರ ಹರಿವಾಣಕ್ಕೆ ಹೂವು, ತಲೆಗೆ ತಿಕ್ಕಲು ಸೊಪ್ಪಿನ ಗೊಂಪು, ಊಟಕ್ಕೆ ತಂಬುಳಿ, ಇವೆಲ್ಲವನ್ನೂ ಕೊಡುತ್ತಿದ್ದ ಆ ಗಿಡಕ್ಕೆ ಗೊಬ್ಬರ ಹಾಕಬೇಕೆಂಬ ಯೋಚನೆ ಯಾರಿಗೂ ಬಂದದ್ದಿಲ್ಲ. ಇಂದು ಆಸ್ತಿ ಪಾಲಾಗಿ, ಉದ್ಯೋಗನಿಮಿತ್ತ ಪೇಟೆಯ ಮಹಡಿಮನೆಗಳಲ್ಲಿ ನೆಲಸಿದ ಕುಟುಂಬಗಳು ಹಲವು. ಊರಿನಿಂದ ಒಂದು ಗೆಲ್ಲನ್ನು ತಂದು ಕುಂಡದಲ್ಲಿ ನೆಡುತ್ತಾರೆ. ಮೊದಲ ವರ್ಷ ಗಿಡ ಹೂ ಬಿಡುತ್ತದೆ. ಎರಡನೆಯ ವರ್ಷ ಎಲೆ ಹಳದಿಯಾಗುತ್ತದೆ. ಮೂರನೆಯ ವರ್ಷಕ್ಕೆ ಒಣಗಿದ ಕಡ್ಡಿ ಉಳಿಯುತ್ತದೆ. ‘ಇಲ್ಲಿಯ ಮಣ್ಣು ಅದಕ್ಕೆ ಒಗ್ಗಲಿಲ್ಲ’ ಎಂದು ಮನೆಯವರು ಸಮಾಧಾನ ತಂದುಕೊಳ್ಳುತ್ತಾರೆ. ಅನೇಕ ವೇಳೆ ಅದು ಮಣ್ಣಿನ ದೋಷವಲ್ಲ, ಗಿಡದ ಹಸಿವು. ಇದು ಮೊದಲ ಕಾರಣ.

ಎರಡನೆಯ ಕಾರಣ ಭಾಷೆಗೆ ಸಂಬಂಧಿಸಿದ್ದು. ನಮ್ಮ ಪೇಟೆಯ ಅಂಗಡಿಗಳಲ್ಲಿ ದೊರೆಯುವ ಗೊಬ್ಬರದ ಪೊಟ್ಟಣಗಳ ಮೇಲೆ ಇಂಗ್ಲಿಷ್ ಇರುತ್ತದೆ, ಮಲಯಾಳವಿರುತ್ತದೆ. ಕನ್ನಡ ಕಾಣಿಸುವುದು ಅಪರೂಪ. ಕನ್ನಡ ಮಾಧ್ಯಮದಲ್ಲಿ ಕಲಿತ ತಾಯಿಯೊಬ್ಬಳಿಗೆ ಈ ತಿಳಿವಳಿಕೆ ತನ್ನ ನುಡಿಯಲ್ಲಿ ದೊರೆಯಬೇಕಲ್ಲವೆ? ದೊರೆಯದಿದ್ದರೆ ಆಕೆ ತನ್ನ ಭಾಷೆ ಹಾಡಿಗೆ ಹಸೆಗೆ ಮಾತ್ರ ಸಲ್ಲುವುದು, ವಿಜ್ಞಾನಕ್ಕೆ ಸಲ್ಲದು ಎಂದು ತಿಳಿದುಕೊಂಡಾಳು. ಹಾಗೆ ತಿಳಿಯಲು ಆಸ್ಪದ ಕೊಡಬಾರದೆಂಬುದು ನಮ್ಮ ಇಂದಿನ ಪ್ರಯತ್ನದ ಉದ್ದೇಶ.

ಮೊದಲು ಗಿಡದ ಪರಿಚಯವನ್ನು ಮಾಡಿಕೊಳ್ಳೋಣ. ಸಂಸ್ಕೃತದಲ್ಲಿ ಇದಕ್ಕೆ ಜಪಾ ಎಂದು ಹೆಸರು. ಮಲಯಾಳದ ನೆರೆಯವರು ಚೆಂಬರತ್ತಿ ಎನ್ನುತ್ತಾರೆ. ಕೆಂಪು ಹತ್ತಿ ಎಂಬುದು ಅದರ ಅರ್ಥ. ಡಚ್ಚರ ಅಧಿಕಾರಿ ವಾನ್ ರೀಡ್ ೧೬೭೮ರಿಂದ ೧೬೯೩ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾಗುವಂತೆ ಮಾಡಿದ ‘ಹೊರ್ತುಸ್ ಮಲಬಾರಿಕುಸ್’ ಎಂಬ ಗ್ರಂಥದಲ್ಲಿ ಇದು ಆ ಹೆಸರಿನಿಂದಲೇ ವರ್ಣಿತವಾಗಿದೆ. ಹತ್ತಿಗೆ ಹೋಲಿಸಿದುದು ಕೇವಲ ಕಲ್ಪನೆಯಲ್ಲ. ಹತ್ತಿ, ಬೆಂಡೆ, ದಾಸವಾಳ ಇವು ಮೂರೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಬೆಂಡೆಯ ಹೂವನ್ನೂ ದಾಸವಾಳವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ಮಕ್ಕಳಿಗೆ ಈ ನೆಂಟಸ್ತಿಕೆಯನ್ನು ಬೇರೆ ಹೇಳಿಕೊಡಬೇಕಾಗಿಲ್ಲ. ೧೭೫೩ರಲ್ಲಿ ಸ್ವೀಡನ್ನಿನ ಲಿನೇಯಸ್ ಈ ಗಿಡಕ್ಕೆ ‘ಚೀನದ ಗುಲಾಬಿ’ ಎಂಬರ್ಥದ ಶಾಸ್ತ್ರೀಯ ನಾಮವನ್ನಿತ್ತನು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ನೆಲದಲ್ಲಿ ಬೆಳೆದ ಗಿಡಕ್ಕೂ ಕುಂಡದ ಗಿಡಕ್ಕೂ ಇರುವ ಅಂತರವನ್ನು ಅರಿತವರಿಗೆ ಉಳಿದುದೆಲ್ಲ ತಾನಾಗಿ ತಿಳಿಯುತ್ತದೆ. ನೆಲದ ಗಿಡ ಅನ್ನವನ್ನು ಅರಸಿಕೊಂಡು ಹೋಗುತ್ತದೆ. ಇಲ್ಲಿ ದೊರೆಯದಿದ್ದರೆ ಅದರ ಬೇರು ಇನ್ನೊಂದು ಮೊಳ ಮುಂದಕ್ಕೆ ಚಾಚುತ್ತದೆ. ಮೇಲಿನಿಂದ ಉದುರಿದ ದರಗು ಕೊಳೆತು ಬೇರಿಗೆ ಇಳಿಯುತ್ತದೆ, ಎರೆಹುಳು ದುಡಿಯುತ್ತದೆ, ನೆರೆಮರದ ಸೊಪ್ಪೂ ಪಾಲು ಕೊಡುತ್ತದೆ. ಕುಂಡದ ಗಿಡಕ್ಕೆ ಈ ಯಾವ ಅನುಕೂಲವೂ ಇಲ್ಲ. ಹನ್ನೆರಡು ಅಂಗುಲದ ಸಾಮಾನ್ಯ ಕುಂಡವೊಂದರಲ್ಲಿ ಹಿಡಿಸುವ ಮಣ್ಣು ಸುಮಾರು ೧೫ ಲೀಟರ್. ಗಿಡದ ಇಡೀ ಪ್ರಪಂಚ ಅಷ್ಟೇ. ದಿನವೂ ನೀರು ಎರೆದಂತೆಲ್ಲ ಮಣ್ಣಿನಲ್ಲಿ ಕರಗಿದ ಸಾರದ ಒಂದಂಶ ಅಡಿಯ ತೂತಿನಿಂದ ಇಳಿದುಹೋಗುತ್ತದೆ. ವರ್ಷಕ್ಕೆ ಸುಮಾರು ೩,೫೦೦ ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ, ಬಯಲಿನಲ್ಲಿಟ್ಟ ಕುಂಡದ ಮಣ್ಣು ಆಟಿ ತಿಂಗಳು ಮುಗಿಯುವಷ್ಟರಲ್ಲಿ ತೊಳೆದಿಟ್ಟ ಪಾತ್ರೆಯಂತಾಗುತ್ತದೆ. ಆದುದರಿಂದ ಕುಂಡದ ಗಿಡ ಉಣ್ಣುವುದು ನಮ್ಮ ಕೈಯಿಂದ ಮಾತ್ರ. ನಾವು ಮರೆತ ದಿನ ಅದಕ್ಕೆ ಉಪವಾಸ.

ಎಲ್ಲ ಹೂಗಿಡಗಳಿಗಿಂತ ದಾಸವಾಳಕ್ಕೆ ಈ ಮಾತು ಹೆಚ್ಚು ಅನ್ವಯಿಸುವುದೇಕೆ? ಅದರ ಮೊಗ್ಗು ಹುಟ್ಟುವುದು ಹೊಸ ಚಿಗುರಿನ ಎಲೆಗಳ ಕಂಕುಳಿನಲ್ಲಿ. ಹಳೆಯ ಕೊಂಬೆಯಲ್ಲಿ ಹೂವಿಲ್ಲ. ಅರಳಿದ ಹೂವು ಬಹುಮಟ್ಟಿಗೆ ಒಂದೇ ದಿನ ಬಾಳುತ್ತದೆ. ಆದುದರಿಂದ ನಾಳೆಯೂ ಹೂ ಬೇಕಾದರೆ ಗಿಡ ಇಂದೂ ಚಿಗುರುತ್ತಿರಬೇಕು; ಚಿಗುರಬೇಕಾದರೆ ಅನ್ನ ನಿಲ್ಲಬಾರದು. ವರ್ಷಕ್ಕೊಮ್ಮೆ ಕೊಟ್ಟ ಗೊಬ್ಬರ ಮಾವಿನ ಮರಕ್ಕೆ ಸಾಕಾದೀತು, ಕುಂಡದ ದಾಸವಾಳಕ್ಕೆ ಸಾಲದು. ಸ್ವಲ್ಪ ಸ್ವಲ್ಪವಾಗಿ, ಅಡಿಗಡಿಗೆ ಕೊಡಬೇಕು. ನಮ್ಮ ಭಾಷಣದ ಸೂತ್ರವಾಕ್ಯ ಇಷ್ಟೇ. ಉಳಿದುದೆಲ್ಲ ಇದರ ವ್ಯಾಖ್ಯಾನ.

ಗಿಡದ ಮುಖ್ಯ ಆಹಾರಗಳು ಮೂರು. ಸಾರಜನಕವು ಎಲೆ ಚಿಗುರುಗಳನ್ನು ಬೆಳೆಸುತ್ತದೆ. ರಂಜಕವು ಬೇರಿನ ಬೆಳವಣಿಗೆಗೂ ಸಸ್ಯದೊಳಗಣ ಶಕ್ತಿಯ ವಿನಿಯೋಗಕ್ಕೂ ಬೇಕು. ಪೊಟ್ಯಾಶ್ ನೀರಿನ ಹದವನ್ನು ಕಾಯುತ್ತದೆ, ಕಾಂಡವನ್ನು ಗಟ್ಟಿಮಾಡುತ್ತದೆ, ಹೂವಿನ ಪುಷ್ಟಿಗೆ ಕಾರಣವಾಗುತ್ತದೆ. ಗೊಬ್ಬರದ ಪೊಟ್ಟಣದ ಮೇಲೆ ಅಚ್ಚುಹಾಕಿರುವ ಮೂರು ಅಂಕೆಗಳು ಈ ಮೂರರವೇ, ಇದೇ ಅನುಕ್ರಮದಲ್ಲಿ. ೧೯:೧೯:೧೯ ಎಂದಿದ್ದರೆ ಮೂರೂ ನೂರಕ್ಕೆ ಹತ್ತೊಂಬತ್ತು ಪಾಲು. ೧೩:೦:೪೫ ಎಂದಿದ್ದರೆ ಸಾರಜನಕ ಹದಿಮೂರು, ರಂಜಕ ಇಲ್ಲ, ಪೊಟ್ಯಾಶ್ ನಲವತ್ತೈದು. ಭಾಷೆ ಯಾವುದಿದ್ದರೂ ಅಂಕೆ ಓದಬಲ್ಲವರು ಮೋಸಹೋಗುವಂತಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಹೂವಿಗೆ ರಂಜಕವೇ ಮುಖ್ಯವೆಂಬ ನಂಬಿಕೆಯಿಂದ ಕುಂಡಕ್ಕೆ ಎಲುಬಿನ ಹುಡಿಯನ್ನು ಮುಷ್ಟಿಗಟ್ಟಲೆ ಸುರಿಯುವವರಿದ್ದಾರೆ. ತೋಟದಲ್ಲಿ ಈ ಪದ್ಧತಿಗೆ ಅರ್ಥವುಂಟು. ನಮ್ಮ ಮುರಕಲ್ಲಿನ ಕೆಂಪುಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಬಿಗಿಹಿಡಿದು ಬೇರಿಗೆ ದಕ್ಕದಂತೆ ಮಾಡುವುದರಿಂದ, ತೆಂಗು ಕಂಗುಗಳಿಗೆ ಅದನ್ನು ಹೊರಗಿನಿಂದ ಕೊಡಬೇಕಾಗುತ್ತದೆ. ಆದರೆ ನಾರಿನ ಹುಡಿಯನ್ನೂ ಕಾಂಪೋಸ್ಟನ್ನೂ ಬೆರೆಸಿದ ಕುಂಡದಲ್ಲಿ ಹಾಗೆ ಹಿಡಿದಿಡುವ ಮಣ್ಣು ಕಡಮೆ. ಅಲ್ಲಿ ಮಿಕ್ಕಿದ ರಂಜಕವು ಶೇಖರವಾಗುತ್ತ ಬಂದು, ಕಬ್ಬಿಣ ಸತುಗಳು ಗಿಡಕ್ಕೆ ದೊರೆಯದಂತೆ ಅಡ್ಡಿಯಾಗುತ್ತದೆ. ದಾಸವಾಳಕ್ಕೆ ಸಾರಜನಕ ಮಧ್ಯಮವಾಗಿ, ರಂಜಕ ಅಲ್ಪವಾಗಿ, ಪೊಟ್ಯಾಶ್ ಧಾರಾಳವಾಗಿ ಇರಬೇಕೆಂಬುದು ಅದನ್ನು ಬೆಳೆಸಿದವರ ಅನುಭವಸಿದ್ಧವಾದ ಮಾತು. ತೋಟದ ಶಾಸ್ತ್ರವನ್ನು ಹಾಗೆಯೇ ಮಹಡಿಗೆ ಹೊತ್ತು ತರಬಾರದು.

ಗೊಬ್ಬರಕ್ಕಿಂತ ಮೊದಲು ಕುಂಡದ ಮಣ್ಣು ಹದವಾಗಿರಬೇಕು. ಕೆಂಪುಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಹುಡಿ ಒಂದು ಪಾಲು, ಜೊತೆಗೆ ನೀರು ಬಸಿಯುವಷ್ಟು ದಪ್ಪ ಹೊಯಿಗೆ, ಇಷ್ಟು ಸಾಕು. ನಾರಿನ ಹುಡಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆಂದು ಹಸಿಯಾಗಿಯೇ ಹಾಕಬಾರದು. ಅದರಲ್ಲಿ ಉಪ್ಪಿನಂಶವಿರುವುದರಿಂದ ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಬೇಕು. ಕಳಿಯದ ಹುಡಿಯು ತಾನು ಕಳಿಯುವುದಕ್ಕೆ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಅತಿಥಿಯಾಗಿ ಬಂದವನು ಮನೆಯವರ ಊಟವನ್ನೇ ಉಂಡಂತಾಗುತ್ತದೆ. ಅಡಿಯ ತೂತುಗಳು ಮುಚ್ಚಿರಬಾರದು. ನೀರು ನಿಂತ ಕುಂಡದಲ್ಲಿ ಬೇರಿಗೆ ಉಸಿರಿಲ್ಲ. ಉಸಿರಿಲ್ಲದ ಬೇರಿಗೆ ಎಷ್ಟು ಗೊಬ್ಬರವಿತ್ತರೂ ವ್ಯರ್ಥ.

ಮನೆಯಲ್ಲಿಯೇ ದೊರೆಯುವ ಗೊಬ್ಬರಗಳಲ್ಲಿ ಹಿಂಡಿಗೆ ಅಗ್ರಸ್ಥಾನ. ನೆಲಗಡಲೆಯ ಹಿಂಡಿಯಲ್ಲಿ ನೂರಕ್ಕೆ ಸುಮಾರು ಏಳು ಪಾಲು ಸಾರಜನಕವಿದೆ. ೧೦೦ ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ನಾಲ್ಕು ದಿನ ನೆನೆಸಿ, ಸೋಸಿ, ತಿಳಿಗೆ ಹತ್ತು ಪಾಲು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಎರೆಯಬಹುದು. ವಾಸನೆ ಅಸಹ್ಯ; ನೆರೆಮನೆಯವರ ಕಿಟಕಿ ಮುಚ್ಚಿರುವ ಹೊತ್ತನ್ನು ನೋಡಿಕೊಳ್ಳುವುದು ಲೇಸು. ಒಣ ಹಿಂಡಿಯನ್ನು ಮೇಲೆಯೇ ಉದುರಿಸಿದರೆ ಇಲಿ ಇರುವೆಗಳಿಗೆ ಔತಣವಾಗುತ್ತದೆ. ಮಣ್ಣನ್ನು ಕೆದಕಿ ಮುಚ್ಚಬೇಕು. ಬೇವಿನ ಹಿಂಡಿ ತಿಂಗಳಿಗೊಂದು ಹಿಡಿ ಸಾಕು.

ನಮ್ಮ ಹಿರಿಯರು ದರಗು ಮತ್ತು ಮಣ್ಣನ್ನು ಒಟ್ಟಿ ಸುಟ್ಟು ಸುಡುಮಣ್ಣು ಮಾಡುತ್ತಿದ್ದರು. ಅದರಲ್ಲಿಯೂ ಒಲೆಯ ಬೂದಿಯಲ್ಲಿಯೂ ಪೊಟ್ಯಾಶ್ ಇದೆ, ಸುಣ್ಣದ ಗುಣವೂ ಇದೆ. ಹುಳಿಗುಣದ ನಮ್ಮ ಕೆಂಪುಮಣ್ಣಿಗೆ ಅದು ಹಿತಕರ. ಎರಡು ತಿಂಗಳಿಗೊಮ್ಮೆ ಎರಡು ಚಮಚ ಬೂದಿ ಹಾಕಬಹುದು. ಆದರೆ ಬೂದಿಯನ್ನು ಹಸಿ ಸೆಗಣಿಯ ಜೊತೆಯಲ್ಲಾಗಲಿ ಅಮೋನಿಯಂ ಸಲ್ಫೇಟಿನ ಜೊತೆಯಲ್ಲಾಗಲಿ ಕಲಸಕೂಡದು. ಹಾಗೆ ಮಾಡಿದರೆ ಸಾರಜನಕವು ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತದೆ. ಅಕ್ಕಿ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ, ಚಹಾದ ಚರಟ ಇವುಗಳಿಂದ ಹಾನಿಯಿಲ್ಲ. ಆದರೆ ಅವೇ ಊಟವಲ್ಲ, ಉಪ್ಪಿನಕಾಯಿಯಷ್ಟೆ. ಸಿಪ್ಪೆಯನ್ನು ಕಾಂಪೋಸ್ಟ್ ಮಾಡಿ ಹಾಕುವುದು ಮೇಲು.

ಅಂಗಡಿಯ ರಸಗೊಬ್ಬರ ವಿಷವೆಂದು ಕೆಲವರು, ಹಟ್ಟಿಗೊಬ್ಬರ ಹಳೆಯ ಕಾಲದ್ದೆಂದು ಕೆಲವರು ವಾದಿಸುವುದುಂಟು. ಬೇರು ಈ ವಾದದಲ್ಲಿ ಪಕ್ಷ ವಹಿಸುವುದಿಲ್ಲ. ಸೆಗಣಿಯ ಸಾರಜನಕವೂ ಕಾರ್ಖಾನೆಯ ಸಾರಜನಕವೂ ಕೊನೆಗೆ ಬಹುಪಾಲು ಅದೇ ಲವಣರೂಪದಲ್ಲಿ ನೀರಿನಲ್ಲಿ ಕರಗಿ ಬೇರನ್ನು ಸೇರುತ್ತವೆ. ಗಾಳಿಯ ಸಾರಜನಕವನ್ನು ಅಮೋನಿಯವಾಗಿಸುವ ದಾರಿಯನ್ನು ಜರ್ಮನಿಯ ಹಾಬರ್ ೧೯೦೯ರಲ್ಲಿ ತೋರಿಸಿದನು. ೧೯೧೩ರಲ್ಲಿ ಅದು ಕಾರ್ಖಾನೆಯ ಮಟ್ಟಕ್ಕೆ ಬಂದಿತು. ನಮ್ಮ ಕೇರಳದ ಉದ್ಯೋಗಮಂಡಲದಲ್ಲಿ ಫ್ಯಾಕ್ಟ್ ಸಂಸ್ಥೆಯು ೧೯೪೭ರಲ್ಲಿ ರಸಗೊಬ್ಬರ ತಯಾರಿಕೆಯನ್ನು ಆರಂಭಿಸಿತು. ಭೇದವಿರುವುದು ವೇಗದಲ್ಲಿ ಮತ್ತು ಪ್ರಮಾಣದಲ್ಲಿ. ಹಟ್ಟಿಗೊಬ್ಬರವು ನಿಧಾನವಾಗಿ ಬಿಟ್ಟುಕೊಡುತ್ತದೆ, ಮಣ್ಣನ್ನು ಮೆದುಗೊಳಿಸುತ್ತದೆ. ರಸಗೊಬ್ಬರವು ಕೂಡಲೆ ದಕ್ಕುತ್ತದೆ, ಮಿತಿಮೀರಿದರೆ ಸುಡುತ್ತದೆ. ಯೂರಿಯದಲ್ಲಿ ನೂರಕ್ಕೆ ೪೬ ಪಾಲು ಸಾರಜನಕವಿರುವುದರಿಂದ ಗದ್ದೆಯ ಕೈಯಳತೆಯಿಂದ ಅದನ್ನು ಕುಂಡಕ್ಕೆ ಎರಚುವುದು ಅಪಾಯ.

ಕುಂಡಕ್ಕೆ ಯೋಗ್ಯವಾದ ಅಳತೆ ಹೀಗೆ: ನೀರಿನಲ್ಲಿ ಕರಗುವ ೧೯:೧೯:೧೯ ಗೊಬ್ಬರ ಒಂದು ಲೀಟರ್ ನೀರಿಗೆ ಒಂದು ಗ್ರಾಂ. ಒಂದು ಮಟ್ಟಸ ಚಹಾ ಚಮಚದಲ್ಲಿ ಸುಮಾರು ಐದು ಗ್ರಾಂ ಹಿಡಿಸುವುದರಿಂದ ಒಂದು ಚಮಚಕ್ಕೆ ಐದು ಲೀಟರ್ ನೀರೆಂದು ಲೆಕ್ಕವಿಟ್ಟುಕೊಂಡರೆ ಸರಿ. ಹನ್ನೆರಡು ಅಂಗುಲದ ಕುಂಡಕ್ಕೆ ವಾರಕ್ಕೊಮ್ಮೆ ಈ ನೀರು ಒಂದು ಲೀಟರ್ ಸಾಕು. ಒಂದು ವಾರ ಇದನ್ನು, ಮರುವಾರ ಅದೇ ಅಳತೆಯಲ್ಲಿ ೧೩:೦:೪೫ನ್ನು ಕೊಟ್ಟರೆ ರಂಜಕ ತಗ್ಗಿ ಪೊಟ್ಯಾಶ್ ಹೆಚ್ಚುತ್ತದೆ. ಹಿಂಡಿಯ ತಿಳಿಯನ್ನು ಎರೆದ ವಾರ ಇದನ್ನು ಬಿಡಬೇಕು. ಒಣಗಿದ ಮಣ್ಣಿಗೆ ಗೊಬ್ಬರದ ನೀರನ್ನು ಎರೆಯಕೂಡದು. ಮೊದಲು ಬರಿಯ ನೀರು, ಅನಂತರ ಗೊಬ್ಬರ. ಬಾಡಿದ ಗಿಡಕ್ಕೂ, ಆಗತಾನೆ ಕುಂಡ ಬದಲಿಸಿದ ಗಿಡಕ್ಕೂ ಕೊಡಬಾರದು. ಜ್ವರದಲ್ಲಿರುವವನಿಗೆ ಹೋಳಿಗೆಯೂಟ ಬಡಿಸುವವರುಂಟೆ?

ಕಾಲಕ್ಕೆ ತಕ್ಕಂತೆ ಕ್ರಮವೂ ಬದಲಾಗಬೇಕು. ಜೂನ್ ಜುಲೈಗಳ ಜಡಿಮಳೆಯಲ್ಲಿ ಬಿಸಿಲಿಲ್ಲ, ಬೆಳವಣಿಗೆ ಮಂದ. ಆಗ ರಸಗೊಬ್ಬರ ಹಾಕಿದರೆ ಚರಂಡಿಗೆ ಹಾಕಿದಂತೆ. ಕುಂಡವನ್ನು ಮಾಡಿನ ಅಂಚಿಗೆ ಸರಿಸಿ, ಬೇವಿನ ಹಿಂಡಿಯಷ್ಟನ್ನೇ ಕೊಡಬೇಕು. ಅಡಿಯ ತಟ್ಟೆಗಳನ್ನು ತೆಗೆದುಬಿಡಬೇಕು. ನಿಂತ ನೀರು ಡೆಂಗೆ ಹರಡುವ ಸೊಳ್ಳೆಗೆ ತೊಟ್ಟಿಲಾದೀತು. ಸೋಣ ತಿಂಗಳ ಹೊಸ್ತಿಲ ಪೂಜೆಯ ಹೊತ್ತಿಗೆ ಬಿಸಿಲು ಇಣುಕತೊಡಗಿದಾಗ ಗೊಬ್ಬರವನ್ನು ಮತ್ತೆ ಆರಂಭಿಸಬೇಕು. ನವರಾತ್ರಿ ಕಳೆದ ಮೇಲೆ ಉದ್ದನೆಯ ಗೆಲ್ಲುಗಳನ್ನು ಮೂರನೆಯ ಒಂದು ಪಾಲು ಕತ್ತರಿಸಿ, ಮೇಲಿನ ಎರಡು ಅಂಗುಲ ಮಣ್ಣನ್ನು ತೆಗೆದು ಹೊಸ ಎರೆಗೊಬ್ಬರ ತುಂಬಿದರೆ ಚಿಗುರು ತುಂಬಿ ಬರುತ್ತದೆ. ಮಾರ್ಚ್ ಏಪ್ರಿಲ್ ತಿಂಗಳ ಉರಿಯಲ್ಲಿ ಗೊಬ್ಬರದ ಅಳತೆಯನ್ನು ಅರ್ಧಕ್ಕಿಳಿಸಿ, ತಿಂಗಳಿಗೊಮ್ಮೆ ಅಡಿಯಿಂದ ಧಾರಾಳವಾಗಿ ಹರಿಯುವಷ್ಟು ಬರಿಯ ನೀರೆರೆದು ಶೇಖರವಾದ ಉಪ್ಪನ್ನು ತೊಳೆಯಬೇಕು. ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಾಣಿಸಿದರೆ ಬಹುಮಟ್ಟಿಗೆ ಅದು ಆ ಉಪ್ಪಿನ ಸೂಚನೆ.

ಗಿಡಕ್ಕೆ ಬಾಯಿಲ್ಲವೆನ್ನುತ್ತಾರೆ, ಆದರೆ ಅದಕ್ಕೆ ಲಿಪಿಯುಂಟು. ಎಲೆಯೇ ಆ ಓಲೆ. ಓದುವ ಸೂತ್ರ ಒಂದೇ: ತೊಂದರೆ ಹಳೆಯ ಎಲೆಯಲ್ಲೋ ಹೊಸ ಎಲೆಯಲ್ಲೋ ಎಂಬುದನ್ನು ಮೊದಲು ನೋಡಬೇಕು. ಸಾರಜನಕ, ಪೊಟ್ಯಾಶ್, ಮೆಗ್ನೀಷಿಯಂ ಇವುಗಳನ್ನು ಗಿಡ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಲ್ಲುದು. ಕೊರತೆ ಬಂದಾಗ ಹಳೆಯ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ, ತಾಯಿ ತನ್ನ ತುತ್ತನ್ನು ಮಗುವಿಗಿತ್ತಂತೆ. ಆದುದರಿಂದ ಬುಡದ ಎಲೆ ಇಡಿಯಾಗಿ ಹಳದಿಯಾದರೆ ಸಾರಜನಕದ ಕೊರತೆ. ಹಳೆಯ ಎಲೆಯ ನರಗಳ ನಡುವೆ ಹಳದಿಯಾದರೆ ಮೆಗ್ನೀಷಿಯಂ ಕೊರತೆ. ಹಳೆಯ ಎಲೆಯ ಅಂಚು ಸುಟ್ಟಂತಾದರೆ ಪೊಟ್ಯಾಶಿನ ಕೊರತೆ ಅಥವಾ ಉಪ್ಪಿನ ಆಧಿಕ್ಯ. ಕಬ್ಬಿಣವನ್ನು ಹಾಗೆ ಸಾಗಿಸುವುದು ಗಿಡಕ್ಕೆ ಕಷ್ಟ. ಎಂದರೆ ತುದಿಯ ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿದರೆ ಕಬ್ಬಿಣದ ಕೊರತೆಯೆಂದು ತಿಳಿಯಬೇಕು. ಆಗ ಬೂದಿ ಸುಣ್ಣ ನಿಲ್ಲಿಸಬೇಕು. ಮೊಗ್ಗು ಉದುರಿದ ಮಾತ್ರಕ್ಕೆ ಗೊಬ್ಬರಕ್ಕೆ ಕೈಹಾಕಬಾರದು; ನೀರಿನ ಏರುಪೇರು, ನುಸಿ ಹುಳು ಇವೂ ಕಾರಣವಾಗಬಹುದು. ಸಾರಜನಕ ಅತಿಯಾದರೂ ಕೇಡೇ. ಎಲೆ ಕೊಬ್ಬಿ, ಹೂ ಕಡಮೆಯಾಗಿ, ಮೆದುವಾದ ಚಿಗುರಿಗೆ ಹಿಟ್ಟುತಿಗಣೆಯೂ ಅದರ ಬೆನ್ನಿಗೆ ಇರುವೆಯೂ ಬರುತ್ತವೆ.

ಒಂದು ಆಹಾರ ಕಡಮೆಯಾದರೆ ಉಳಿದವು ಎಷ್ಟಿದ್ದರೂ ಬೆಳವಣಿಗೆ ಆ ಒಂದರ ಮಿತಿಯಲ್ಲಿಯೇ ನಿಲ್ಲುತ್ತದೆಂಬ ತತ್ತ್ವವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಸ್ಪ್ರೆಂಗೆಲ್ ಪ್ರತಿಪಾದಿಸಿದನು, ಲೀಬಿಗ್ ಪ್ರಚಾರಪಡಿಸಿದನು. ಗಿಡದ ವಿಷಯದಲ್ಲಿ ಮಾತ್ರವಲ್ಲ, ಮನೆಯ ವಿಷಯದಲ್ಲಿಯೂ ಇದು ಯೋಚಿಸತಕ್ಕ ಮಾತು.

ಗಡಿನಾಡಿನ ಕನ್ನಡವೂ ಕುಂಡದ ಗಿಡದಂತೆ ಎಂದು ಹೇಳಿ ತಮ್ಮಿಂದ ಚಪ್ಪಾಳೆ ಪಡೆಯುವುದು ಸುಲಭ. ಆದರೆ ಆ ಮಾತು ನಿಜವಲ್ಲ. ಪಾರ್ತಿಸುಬ್ಬನ ಕುಂಬಳೆಯಲ್ಲಿ, ಗೋವಿಂದ ಪೈಗಳ ಮಂಜೇಶ್ವರದಲ್ಲಿ ಕನ್ನಡವನ್ನು ಯಾರೂ ಹೊರಗಿನಿಂದ ತಂದು ನೆಟ್ಟುದಲ್ಲ. ಅದು ಈ ನೆಲದ್ದೇ ಮರ. ೧೯೫೬ರ ನವೆಂಬರ್ ೧ರಂದು ಎಳೆದ ಗೆರೆ ನೆಲದ ಮೇಲಿನದು, ಬೇರಿನ ಮೇಲಿನದಲ್ಲ. ಕುಂಡದಲ್ಲಿರುವುದು ನಮ್ಮ ಮಹಡಿಮನೆಯ ಮಗು. ಊರಿನಲ್ಲಿ ಬೆಳೆದ ಮಗು ಕನ್ನಡವನ್ನು ಅರಸಿ ಹೋಗಬೇಕಾಗಿರಲಿಲ್ಲ. ಜಗಲಿಯಲ್ಲಿ ಅಜ್ಜ ಓದುತ್ತಿದ್ದ ಜೈಮಿನಿಯಿಂದ, ಬಯಲಾಟದ ಅರ್ಥದಿಂದ, ನೆರೆಮನೆಯ ಜಗಳದಿಂದಲೂ ಅದರ ಬೇರಿಗೆ ಸಾರ ಇಳಿಯುತ್ತಿತ್ತು. ಇಂದಿನ ಮಗುವಿಗೆ ತಂದೆತಾಯಿಗಳ ಕೈ ಕೊಟ್ಟಷ್ಟೇ ದೊರೆಯುವುದು. ವರ್ಷವೆಲ್ಲ ಮರೆತು, ರಾಜ್ಯೋತ್ಸವದ ದಿನ ಅಥವಾ ಇಂತಹ ವಾರ್ಷಿಕೋತ್ಸವದ ದಿನ ಒಂದು ಬುಟ್ಟಿ ಸುರಿದರೆ ಬೇರು ಸುಟ್ಟೀತೇ ಹೊರತು ಚಿಗುರು ಬಾರದು. ದಿನಕ್ಕೊಂದು ಕಥೆ, ವಾರಕ್ಕೊಂದು ಕಾಗದ, ಊಟದ ಹೊತ್ತಿನಲ್ಲಿ ಎರಡು ಶುದ್ಧವಾದ ಮಾತು ಸಾಕು, ಆದರೆ ತಪ್ಪಬಾರದು.

ಆದುದರಿಂದ ಸಭೆಯಲ್ಲಿ ನಮ್ಮದೊಂದು ಬಿನ್ನಹ. ಪ್ರತಿಯೊಂದು ಮನೆಯಲ್ಲಿಯೂ ಒಂದು ದಾಸವಾಳದ ಕುಂಡವಿರಲಿ. ಅದರ ಹೊಣೆ ಮಗುವಿನದಾಗಲಿ. ಯಾವ ವಾರ ಏನು ಕೊಟ್ಟೆವು, ಎಷ್ಟು ಹೂವಾಯಿತು, ಯಾವ ಎಲೆ ಹಳದಿಯಾಯಿತು ಎಂಬುದನ್ನು ಮಗು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಲಿ. ಅಂಗಡಿಯ ಪೊಟ್ಟಣದ ಮೇಲೆ ಕನ್ನಡವಿಲ್ಲದಿದ್ದರೆ, ಒಂದು ಚೀಟಿಯಲ್ಲಿ ‘ಸಾರಜನಕ, ರಂಜಕ, ಪೊಟ್ಯಾಶ್, ಐದು ಲೀಟರ್ ನೀರಿಗೆ ಒಂದು ಚಮಚ’ ಎಂದು ಬರೆದು ಅಂಟಿಸಲಿ. ಚೀಟಿ ಚಿಕ್ಕದು. ಆದರೆ ಅದನ್ನು ಬರೆದ ಮಗು ತನ್ನ ಭಾಷೆಯಲ್ಲಿ ಅಳತೆಯೂ ಲೆಕ್ಕವೂ ಕಾರ್ಯಕಾರಣವೂ ಹಿಡಿಸುತ್ತವೆಂಬುದನ್ನು ತಾನೇ ಕಂಡುಕೊಳ್ಳುತ್ತದೆ. ಬರುವ ವಾರ್ಷಿಕೋತ್ಸವಕ್ಕೆ ಆ ಪುಸ್ತಕಗಳನ್ನು ಇಲ್ಲಿಗೆ ತರಿಸಿ ನೋಡುವ ಏರ್ಪಾಟನ್ನು ಸಂಘದವರು ಮಾಡಬೇಕೆಂದು ಕೋರುತ್ತೇವೆ. ಜೊತೆಗೆ ಒಂದೊಂದು ಹೂವೂ ಬಂದರೆ ವೇದಿಕೆಯ ಅಲಂಕಾರಕ್ಕೆ ಬೇರೆ ಖರ್ಚಿಲ್ಲ.